ಗಡಿಯಾರ ವಿಭಾಗದ ಸಂಪಾದಕ

ಬಾಯಿ ಮುಚ್ಚಿಕೊಂಡಿದ್ದರೆ ಗಡಿಯಾರ ರಿಪೇರಿಯವನು ಬದುಕಿಕೊಳ್ಳುತ್ತಿದ್ದ. ಜಾಲತಾಣಗಳನ್ನು ವಿಭಾಗವಾರು ತೋರಿಸುವ, ಸ್ವಯಂಸೇವಕರು ನಡೆಸುವ ಪಟ್ಟಿಗೆ ತನ್ನ ಅಂಗಡಿಯ ತಾಣವನ್ನು ಸೇರಿಸಿರೆಂದು ಅರ್ಜಿ ಹಾಕಿ ಅವನು ಮೂರು ತಿಂಗಳು ಕಾದಿದ್ದ. ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸವಾಗಿತ್ತು. ಪಟ್ಟಿಗೆ ಸೇರಿದರೆ ಗಿರಾಕಿ, ಇಲ್ಲವಾದರೆ ಬಾಗಿಲಿಗೆ ಬೀಗ. ಇವತ್ತು ಬೆಳಿಗ್ಗೆ ನೋಡಿದರೆ ಸರದಿಯಲ್ಲಿ ಎರಡನೆಯ ಸ್ಥಾನ! ಹಿಗ್ಗಿ ಹೀರೇಕಾಯಿಯಾಗಿ ಎಲ್ಲರಿಗೂ ಹೇಳಿಕೊಂಡು ಬಂದ.

ಒಂದು ಗಂಟೆ ಬಿಟ್ಟು ನೋಡಿದರೆ ಮೂವತ್ತನೆಯ ಸ್ಥಾನ.

“ನಿಮ್ಮ ಹೆಸರಲ್ಲಿ ನಾನೂ ಒಂದು ಅರ್ಜಿ ಹಾಕ್ದೆ ಕಣ್ರೀ, ಬಲ ಇರ್ಲಿ ಅಂತ,” ಎಂದು ಪಕ್ಕದಂಗಡಿಯ ದರ್ಜಿ ಬೀಗಿದ.

“ಅಯ್ಯೋ ಪುಣ್ಯಾತ್ಮ! ಇನ್ನೊಂದು ಹಾಕಿದ್ರೆ ಹಳೇದು ರದ್ದು. ಸಾಲಿನ ಕೊನೇಲಿ ಹೋಗಿ ನಿಂತ್ಕೋಬೇಕು!”

ಅಷ್ಟರಲ್ಲಿ ಹೆಂಡತಿಯ ಫೋನು. “ರೀ, ಅಣ್ಣನ ಕೈಲಿ ಐದು ಸಲ ಹಾಕ್ಸಿದೀನಿ. ಇನ್ನು ಯೋಚ್ನೆ ಬಿಡಿ.”

ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಕೊನೆಗೆ ಕ್ಷಮೆ ಕೇಳಿ ಪಟ್ಟಿಯವರಿಗೆ ಇಮೇಲ್ ಬರೆದ. ಮಧ್ಯಾಹ್ನ ಉತ್ತರ ಬಂತು: “ಒಂದೇ ಅಂಗಡಿಯ ಅರ್ಜಿ ಏಳು ಸಲ ಬಂದದ್ದು ನೋಡಿ, ಗಡಿಯಾರ ವಿಭಾಗದ ಅರ್ಜಿಗಳನ್ನು ನೋಡುತ್ತಿದ್ದ ಒಬ್ಬರೇ ಸಂಪಾದಕರು ಕೈ ಮುಗಿದು ಹೋದರು. ನಿಮಗೆ ಇಷ್ಟೊಂದು ಆಸಕ್ತಿಯಿದೆಯಲ್ಲ, ನೀವೇ ಸಂಪಾದಕರಾಗಿ ಬರಬಾರದೇಕೆ?”

ಅವನು ಕುಣಿಯುವುದೊಂದು ಬಾಕಿ. ಒಪ್ಪಿಕೊಂಡವನೇ ತನ್ನ ಅರ್ಜಿಯನ್ನು ಹುಡುಕಿ ಗುಂಡಿ ಒತ್ತಿದ. ಪರದೆಯ ಮೇಲೆ ನಿಯಮ ಮೂಡಿತು: ಸಂಪಾದಕರು ತಮ್ಮ ತಾಣವನ್ನು ತಾವೇ ಸೇರಿಸುವಂತಿಲ್ಲ, ಅದೇ ವಿಭಾಗದ ಇನ್ನೊಬ್ಬ ಸಂಪಾದಕರು ನೋಡಬೇಕು.

ಇನ್ನೊಬ್ಬರೆಲ್ಲಿದ್ದಾರೆ? ಸರದಿಯ ಮೊದಲ ಅರ್ಜಿ ಎದುರು ಸಾಲಿನ ಗಡಿಯಾರದ ಅಂಗಡಿಯದು. ಹೊಟ್ಟೆ ಉರಿಯಿತು, ನಿಜ. ಆದರೆ ತಾಣ ಚೆನ್ನಾಗಿತ್ತು. ಸೇರಿಸಿದ. ಆಮೇಲೆ ಒಂದು ಉಪಾಯವೂ ಹೊಳೆಯಿತು.

ಸಂಜೆ ರಸ್ತೆ ದಾಟಿ ಹೋಗಿ, “ನೀವೂ ಸಂಪಾದಕರಾಗಿ ಸ್ವಾಮಿ. ನನ್ನದೊಂದು ನೋಡಿಬಿಡಿ, ಸಾಕು,” ಎಂದು ಕೇಳಿಕೊಂಡ.

“ನಿನ್ನೆ ಕೇಳಿದ್ರೆ ಖಂಡಿತ ಆಗ್ತಿದ್ದೆ,” ಎಂದ ಎದುರಂಗಡಿಯವನು, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನೂ ತೆಗೆಯದೆ. “ಪಟ್ಟೀಲಿ ಹೆಸರು ಬಂದಿದ್ದೇ ಬಂದಿದ್ದು, ಒಂದೇ ಸಮ ಗಿರಾಕಿಗಳು! ತಲೆ ತುರಿಸ್ಕೊಳ್ಳೋಕೂ ಪುರುಸೊತ್ತಿಲ್ಲ.”

ಪಟ್ಟಿಯಿಂದ ಗಿರಾಕಿ ಬರುವುದಂತೂ ಖಾತ್ರಿಯಾಯಿತಲ್ಲ ಎಂದು ಅವನಿಗೆ ನಿಜಕ್ಕೂ ಸಂತೋಷವಾಯಿತು. ಸಾಲಿನಲ್ಲಿ ಉಳಿದವರಲ್ಲಿ ಒಬ್ಬನಾದರೂ ಬಿಡುವಾಗಿರುವವನು ಸಿಗದೆ ಹೋಗುತ್ತಾನೆಯೇ ಎಂದುಕೊಂಡು ಬಂದು ಕೂತ. ಮುಂದಿನ ಅರ್ಜಿಯನ್ನು ತೆರೆದು, ಬಹಳ ಚೆನ್ನಾಗಿದೆ ಎಂದು ಅದನ್ನೂ ಸೇರಿಸಿದ.