ಅನುಸೂಯಮ್ಮ ಹೊತ್ತೊಯ್ದ ಬಾಂಬು

ಮಧ್ಯಾಹ್ನ ಮೂರಕ್ಕೆ ಕಾಲೇಜಿನಲ್ಲಿ ಮಾದರಿ ಪಾಠ. ದೊಡ್ಡಬಳ್ಳಾಪುರದ ಯೋಗಾನಂದ ಒಂಬತ್ತು ವರ್ಷದಿಂದ ಅತಿಥಿ ಉಪನ್ಯಾಸಕನಾಗಿ ಭೌತಶಾಸ್ತ್ರ ಹೇಳಿ ಹೇಳಿ ಸವೆದುಹೋಗಿದ್ದ. ಹೊಸ ಆಡಳಿತ ಸಮಿತಿ ಇವತ್ತು ತಲೆಯಾಡಿಸಿದರೆ ಕೆಲಸ ಕಾಯಂ. ಆದರೆ ಇರುವುದು ಒಂದೇ ಹುದ್ದೆ. ಅದರ ಮೇಲೆ ಸಹೋದ್ಯೋಗಿ ಅಶೋಕನಿಗೂ ಕಣ್ಣು. ಇಬ್ಬರಿಗೂ ಪಾಠದ ವಿಷಯ ಒಂದೇ, ಪರಮಾಣು ಒಡೆದರೆ ಬಾಂಬ್ ಆಗುವುದು ಹೇಗೆ.

ಬೆಳಿಗ್ಗೆಯೇ ಯೋಗಾನಂದ ಮನೆಯ ಮಗ್ಗದ ಕೋಣೆಯಲ್ಲಿ ತಾಲೀಮು ಶುರುಮಾಡಿದ. ನೂಲು ಸುತ್ತುವ ಕಂಡಿಕೆಗಳನ್ನು ನೆಲದ ಮೇಲೆ ನಿಲ್ಲಿಸಿದ. ಅಷ್ಟರಲ್ಲಿ ಪಕ್ಕದ ಮನೆಯ ಅನುಸೂಯಮ್ಮ ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದರು. ಕೇಳುವ ಕಿವಿ ಸಿಕ್ಕಿತೆಂದು ಅವನು ಮೈಮರೆತ.

“ನೋಡಿ ಅನುಸೂಯಮ್ಮ, ಈ ಕಂಡಿಕೆನೇ ಯುರೇನಿಯಂ ಪರಮಾಣು. ಇದರ ಬೀಜಕ್ಕೆ ಒಂದು ನ್ಯೂಟ್ರಾನ್ ಬಂದು ಬಡಿದ್ರೆ ಎರಡು ಹೋಳು! ಒಳಗಿಂದ ಚಿಮ್ಮಿದ ನ್ಯೂಟ್ರಾನ್‌ಗಳು ಇನ್ನೆರಡನ್ನ ಒಡೀತವೆ. ಕಣ್ಣು ಮಿಟುಕಿಸೋದ್ರೊಳಗೆ ಕೋಟಿ ಕೋಟಿ! ನ್ಯೂಟ್ರಾನ್ ಹೀರ್ಕೊಳ್ಳೋ ಸರಳು ಅಡ್ಡ ಇಟ್ರೆ ಅದೇ ಕರೆಂಟು. ಇಡದಿದ್ರೆ ಊರೇ ಭಸ್ಮ!”

ಅನುಸೂಯಮ್ಮನ ಮುಖ ಬಿಳಿಚಿಕೊಂಡಿತು. “ಅಯ್ಯೋ ಚೌಡೇಶ್ವರಮ್ಮಾ! ಮೊನ್ನೆ ನಿಮ್ಮನೆಯಿಂದ ಒಂದು ಬುಟ್ಟಿ ಕಂಡಿಕೆ ಇಸ್ಕೊಂಡು ಹೋಗಿದ್ನಲ್ಲಪ್ಪಾ!”

ಹೆಪ್ಪಿನ ಬಟ್ಟಲು ಅಲ್ಲೇ ಉಳಿಯಿತು, ಅನುಸೂಯಮ್ಮ ಬೀದಿಗೆ ಓಡಿದರು. ಆ ಬೀದಿಯಲ್ಲಿ ಕಂಡಿಕೆ ಮನೆಯಿಂದ ಮನೆಗೆ ಓಡಾಡುವುದು ಕಾಫಿಪುಡಿಯ ಹಾಗೆ. ಯಾರ ಮಗ್ಗದಲ್ಲಿ ಯಾರ ಕಂಡಿಕೆ ಇದೆಯೆಂದು ದೇವರಿಗೂ ಗೊತ್ತಿಲ್ಲ. ಅರ್ಧ ಗಂಟೆಯೊಳಗೆ, ಕರೆಂಟಿದ್ದರೂ, ಒಂದು ಮಗ್ಗವೂ ಸದ್ದು ಮಾಡುತ್ತಿರಲಿಲ್ಲ. ಜನವೆಲ್ಲ ಯೋಗಾನಂದನ ಬಾಗಿಲಲ್ಲಿ!

ಬೀದಿಯ ಹಿರಿಯ ಕೋದಂಡರಾಮಯ್ಯ ಬೀಗ ಹಿಡಿದೇ ಬಂದಿದ್ದರು. “ಯೋಗಾ, ಪೊಲೀಸ್ನೋರು ಬರೋಗಂಟ ಒಳಗೇ ಇರು. ಅಲ್ಲಾಡಬೇಡ!”

“ತಾತಾ, ಅದು ಬರೀ ಉದಾಹರಣೆ!”

“ಒಳ್ಳೇ ಹುಡುಗ ನೀನು. ಓದಿ ಓದಿ ಹಿಂಗಾಗಿದ್ದೀಯ ಅಷ್ಟೇ,” ಎಂದು ಬಾಗಿಲಿಗೆ ಬೀಗ ಜಡಿದರು. ಗಂಟೆಗೊಮ್ಮೆ ಯಾರಾದರೂ ಕಿಟಕಿಯಿಂದ ಕಂಡಿಕೆಗಳ ಮೇಲೆ ಎರಡು ಬಿಂದಿಗೆ ನೀರು ಸುರಿಯುತ್ತಲೇ ಇದ್ದರು. ಇಸ್ತ್ರಿ ಅಂಗಿ ತೊಯ್ದಿತು, ಜೇಬಿನ ಫೋನೂ ಸತ್ತಿತು.

ಎರಡು ಗಂಟೆಗೆ ಅಶೋಕ್ ಬೈಕಿನಲ್ಲಿ ಬಂದು ಕಿಟಕಿಯಲ್ಲಿ ಇಣುಕಿದ. “ಏನ್ ಗುರು ಇದು? ಬಸ್‌ಸ್ಟ್ಯಾಂಡ್‌ವರೆಗೂ ಸುದ್ದಿ ಬಂದ್ಬಿಟ್ಟಿದೆ! ಹೆಂಗಾಯ್ತು?”

“ಅನುಸೂಯಮ್ಮ ಇಬ್ಬರಿಗೆ ಹೇಳಿದ್ರಂತೆ ಕಣೋ! ಆ ಇಬ್ಬರು ನಾಲ್ಕು ಜನಕ್ಕೆ, ಅವರು ಎಂಟು ಜನಕ್ಕೆ...” ಯೋಗಾನಂದ ಬೆರಳು ಮಡಚಿ ಎಣಿಸಿದ.

ಅಶೋಕ್ ಎಲ್ಲವನ್ನೂ ಬರೆದುಕೊಂಡ. “ಯೋಚ್ನೆ ಮಾಡ್ಬೇಡ, ಸಮಿತಿಯೋರಿಗೆ ಒಂದೂ ಬಿಡದೆ ಹೇಳ್ತೀನಿ.” ಎಂಥ ಸ್ನೇಹಿತ! ಯೋಗಾನಂದನಿಗೆ ಕಣ್ಣು ತುಂಬಿ ಬಂತು.

ನಾಲ್ಕಕ್ಕೆ ಪೊಲೀಸರು ಬಂದು, ಕಂಡಿಕೆ ತಿರುಗಿಸಿ ನೋಡಿ, ನಕ್ಕು ಬೀಗ ತೆಗೆಸಿದರು. ಯೋಗಾನಂದ ಒದ್ದೆ ಅಂಗಿಯಲ್ಲೇ ಕಾಲೇಜಿಗೆ ಓಡಿದ. ಸಮಿತಿಯ ಅಧ್ಯಕ್ಷರು ನಗುತ್ತಾ ಕಣ್ಣೊರೆಸಿಕೊಳ್ಳುತ್ತಾ ಮೆಟ್ಟಿಲಿಳಿಯುತ್ತಿದ್ದರು.

“ಸಾರ್, ಪರಮಾಣು ಬಾಂಬಿನ ಪಾಠ...”

“ಆಗಿಹೋಯ್ತಲ್ಲಪ್ಪಾ! ಆ ಅಶೋಕ್ ಎಂಥಾ ಪಾಠ ಮಾಡಿದ್ರು ಅಂತೀರಿ! ಅನುಸೂಯಮ್ಮ ಅನ್ನೋ ನ್ಯೂಟ್ರಾನ್ ಇಬ್ಬರಿಗೆ ಬಡೀತಂತೆ, ಆ ಇಬ್ಬರು ನಾಲ್ವರಿಗೆ... ತಡೆಯೋರಿಲ್ಲದೆ ಊರೇ ಸಿಡೀತಂತೆ! ನಮ್ಮ ಜವಾನನಿಗೂ ಅರ್ಥ ಆಯ್ತು. ಅಲ್ಲೇ ಕೆಲಸ ಕೊಟ್ಬಿಟ್ವಿ. ಅದರಲ್ಲೂ ಒಬ್ಬ ಮೇಷ್ಟ್ರನ್ನ ಕೂಡಿಹಾಕಿ ನೀರು ಹುಯ್ಯೋ ಥರ ಕತೆ ಕಟ್ಟಿದ್ರು ನೋಡಿ... ಎಂಥಾ ಕಲ್ಪನೆ!”

ಅಧ್ಯಕ್ಷರು ಕನ್ನಡಕ ಹಾಕಿಕೊಂಡು, ಎದುರಿಗೆ ತೊಟ್ಟಿಕ್ಕುತ್ತಾ ನಿಂತಿದ್ದವನನ್ನು ಮೇಲಿಂದ ಕೆಳಗೆ ನೋಡಿದರು.

“ಅಂದ ಹಾಗೆ, ತಾವ್ಯಾರು?”