ಮಾವನ ದೋಣಿಗೆ ಹೊಸ ಟ್ಯಾಂಕು

ಬಸವಕಲ್ಯಾಣದ ಶಾಲೆಯಲ್ಲಿ ಗಣಿತ ಕಲಿಸುವ ಮಾಸ್ತರನಿಗೆ ದೋಣಿಯ ಹೊಟ್ಟೆಯೊಳಗಿನ ಡೀಸೆಲ್ ಟ್ಯಾಂಕು ಬದಲಿಸುವುದು ಎಷ್ಟರ ಕೆಲಸ? ಹಳೆಯದನ್ನು ತೆಗೆಯುವುದು, ಹೊಸದನ್ನು ಇಡುವುದು. ಒಂದು ಕಳೆಯುವ ಲೆಕ್ಕ, ಒಂದು ಕೂಡಿಸುವ ಲೆಕ್ಕ! ಹೀಗೆಂದು ನಾನು ಹುಮನಾಬಾದಿನ ಮಾವನ ಮನೆಯ ಪಡಸಾಲೆಯಲ್ಲಿ, ಬಾಯಲ್ಲಿ ಹೋಳಿಗೆ ಇರುವಾಗಲೇ, ಎಲ್ಲರೆದುರು ಘೋಷಿಸಿಬಿಟ್ಟೆ.

ತಪ್ಪು ಹೋಳಿಗೆಯದಲ್ಲ, ಬೆಳ್ಳಿ ತಂಬಿಗೆಯದು. ಬೆಲ್ಲದ ವ್ಯಾಪಾರಿಯಾದ ನನ್ನ ಮಾವನಿಗೆ ಇಬ್ಬರು ಅಳಿಯಂದಿರು. ಹಬ್ಬದ ಊಟಕ್ಕೆ ಕುಳಿತರೆ ಹಿರಿಯ ಅಳಿಯ ವೀರಣ್ಣನ ಮುಂದೆ ಬೆಳ್ಳಿ ತಂಬಿಗೆಯಲ್ಲಿ ನೀರು. ಕಿರಿಯನಾದ ನನ್ನ ಮುಂದೆ ಹಿತ್ತಾಳೆ ತಂಬಿಗೆಯಲ್ಲಿ. ವೀರಣ್ಣ ಓವರ್ಸಿಯರ್. ರಸ್ತೆ ಅಳೆಯುವವನು. ನಾನು ಮಕ್ಕಳ ಮಗ್ಗಿ ಕೇಳುವವನು. ಎರಡೂ ತಂಬಿಗೆಯ ನೀರು ಒಂದೇ ಬಾವಿಯದು, ಒಪ್ಪಿದೆ. ಆದರೆ ಬಡಿಸಲು ಬಂದ ನನ್ನ ಹೆಂಡತಿ ಕಮಲಾ ಅವೆರಡನ್ನೂ ನೋಡಿ ತಲೆ ತಗ್ಗಿಸುತ್ತಿದ್ದಳು. ಮದುವೆಯಾದ ಒಂಬತ್ತು ವರ್ಷವೂ ಅದನ್ನೇ ನೋಡಿದ್ದೆ.

ಇನ್ನು ದೋಣಿಯ ಕತೆ. ಹೈದರಾಬಾದಿನಲ್ಲಿ ಯಾರೋ ನವಾಬರ ಹಳೆಯ ಸಾಮಾನು ಮಾರುತ್ತಾರೆಂದು ಕೇಳಿ ನನ್ನ ಮಾವ ಒಂದು ಬೀರು ತರಲು ಹೋದವರು, ಮೋಟಾರು ದೋಣಿ ತಂದರು. ಹುಮನಾಬಾದಿನ ಮನೆಯಲ್ಲಿ ಅವರಿಗಿದ್ದ ನೀರೆಂದರೆ ಹಿತ್ತಲ ಬಾವಿ ಮಾತ್ರ! ದೋಣಿ ಹಲವು ವರ್ಷ ಬೆಲ್ಲದ ಗೋದಾಮಿನಲ್ಲಿ ಇರುವೆಗಳಿಗೆ ಆಸರೆಯಾಗಿತ್ತು. ಕಣ್ಣು ಮುಚ್ಚುವ ಮೊದಲು ಒಮ್ಮೆಯಾದರೂ ಅದರಲ್ಲಿ ಕುಳಿತು ಬಸವಕಲ್ಯಾಣದ ತ್ರಿಪುರಾಂತ ಕೆರೆ ಸುತ್ತಬೇಕೆಂಬುದು ಮಾವನ ಆಸೆ. ಮೆಕ್ಯಾನಿಕ್ ಬಂದು ನೋಡಿ, ಇಂಜಿನ್ ಚೆನ್ನಾಗಿದೆ, ಹಲಗೆಗಳ ಕೆಳಗಿನ ಟ್ಯಾಂಕು ತುಕ್ಕು ಹಿಡಿದು ಸೋರುತ್ತಿದೆ, ಹೈದರಾಬಾದಿಗೇ ಒಯ್ಯಬೇಕು ಎಂದ. ವೀರಣ್ಣ ಗಲ್ಲ ಕೆರೆದುಕೊಂಡು, "ನೋಡಬೇಕಾಗ್ತದ" ಎಂದ.

"ನೋಡೂದೇನದ? ನಾ ಮಾಡ್ತೀನ್ರಿ ಮಾವಾ!" ಎಂದೆ ನಾನು.

ಹಿತ್ತಾಳೆ ತಂಬಿಗೆಯೇ ಬಾಯಿ ಬಿಟ್ಟು ಮಾತಾಡಿತೇನೋ ಎಂಬಂತೆ ಮಾವ ನನ್ನನ್ನು ನೋಡಿದರು.

ದೋಣಿ ಲಾರಿ ಹತ್ತಿ ನನ್ನ ಅಂಗಳಕ್ಕೆ ಬಂತು. ಟ್ಯಾಂಕಿಗೆ ಹೋಗಲು ಇದ್ದದ್ದು ಒಂದೇ ಚೌಕ ಬಾಯಿ. ನಾನು ಅದರೊಳಗೆ ತಲೆ ತೂರಿಸಿದೆ. ಭುಜ ತೂರಿಸಿದೆ. ಪಾನಾ ಹಿಡಿದು ನಟ್ಟು ತಿರುಗಿಸಿದೆ. ನಟ್ಟು ತಿರುಗಲಿಲ್ಲ, ನಾನು ತಿರುಗಿದೆ! ತಿರುಗಿದವನು ಅಲ್ಲೇ ಸಿಕ್ಕಿಕೊಂಡೆ. ಹೊರಗೆ ನನ್ನ ಎರಡು ಕಾಲು ಮಾತ್ರ ಆಡುತ್ತಿದ್ದವು. ಓಣಿಯವರೆಲ್ಲ ಬಂದು ಆ ಕಾಲುಗಳ ದರ್ಶನ ಪಡೆದರು.

"ತಲೀ ಒಳಗ ಹಾಕಿ ಏನ್ ಮಾಡಾಕತ್ತೀರಿ?" ಕಮಲಾಳ ದನಿ ಕೇಳಿಸಿತು.

"ಕೆಲಸಾ ಮಾಡಾಕತ್ತೇನಿ!"

"ಹಂಗಾದ್ರ ಕಾಲ್ಯಾಕ ಬಡೀತೀರಿ?"

ಉತ್ತರ ಕೊಡಲು ಬಾಯಿ ತೆರೆದೆ. ಡೀಸೆಲ್ ಒಳಗೆ ಬಂತು. ಕೊನೆಗೆ ಅವಳೇ ಕಾಲು ಹಿಡಿದು ಎಳೆದು ಹೊರಗೆ ತೆಗೆದಳು. ನನ್ನೊಂದಿಗೆ ಟ್ಯಾಂಕಿನ ಒಂದು ತುಂಡೂ ಬಂತು. ಉಳಿದದ್ದು ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಎರಡು ದಿನ ಬುಟ್ಟಿಯಲ್ಲಿ ತುಂಬಿ ಎಸೆದೆ. ಕಳೆಯುವ ಲೆಕ್ಕ ಮುಗಿಯಿತು.

ಈಗ ಹೊಸ ಟ್ಯಾಂಕು. ಹಳೆಯದನ್ನು ಮಾದರಿಗೆ ತೋರಿಸೋಣವೆಂದರೆ ಅದು ತಿಪ್ಪೆಯಲ್ಲಿತ್ತು. ಆದ್ದರಿಂದ ಖಾಲಿ ಜಾಗವನ್ನು ಅಳೆಯಬೇಕು. ಅಳೆಯುವ ಟೇಪು ವೀರಣ್ಣನ ಬಳಿ ಇತ್ತು. ಷಡ್ಡಕನ ಹತ್ತಿರ ಟೇಪು ಬೇಡುವುದೇ? ಪ್ರಾಣ ಹೋದರೂ ಇಲ್ಲ! ದೇವರು ಕೊಟ್ಟ ಕೈ ಇದೆಯಲ್ಲ. ಗೇಣು ಹಾಕಿ ಅಳೆದೆ. ಡಬ್ಬಿ, ಕೊಳವೆ ಮಾಡುವ ಮಸ್ತಾನ್ ಸಾಬನ ಅಂಗಡಿಗೆ ಹೋಗಿ, "ಉದ್ದ ಐದು ಗೇಣು, ಅಗಲ ಮೂರು, ಎತ್ತರ ಎರಡು" ಎಂದೆ.

"ನಾಪ ಪಕ್ಕಾ ಅದ ಏನ್ರಿ ಮಾಸ್ತರ್?"

"ಗಣಿತ ಮಾಸ್ತರನ್ನ ಕೇಳ್ತಿಯೇನು?"

"ತಪ್ಪಾತ್ರಿ. ಫಿಕರ್ ಮಾಡಬ್ಯಾಡ್ರಿ" ಎಂದು ಅವನು ಗೋಡೆಯ ಮೇಲೆ ಸುಣ್ಣದಿಂದ ಬರೆದುಕೊಂಡ.

ಎಂಟು ದಿನಕ್ಕೆ ಕೈಗಾಡಿಯಲ್ಲಿ ಟ್ಯಾಂಕು ಬಂತು. ಕಮಲಾ ಬಾಗಿಲಿಗೆ ಬಂದು, "ಇದೇನ್ರೀ, ಎಮ್ಮಿಗೆ ನೀರ ಕುಡಿಸೂ ಡೋಣಿ ತರಿಸೀರೇನು?" ಎಂದಳು. ನಾನು ಅಂಗಳಕ್ಕೆ ಓಡಿದೆ.

"ಮಸ್ತಾನ್, ಇಷ್ಟು ದೊಡ್ಡದು ಹ್ಯಾಂಗಾತು?"

"ಐದು, ಮೂರು, ಎರಡು. ನೀವಽ ಹೇಳೀರಿ" ಎಂದು ಅವನು ಟ್ಯಾಂಕಿನ ಮೇಲೆ ತನ್ನ ಗೇಣು ಹಾಕಿ ತೋರಿಸಿದ. ಆ ಕೈಯೋ! ಜೋಳದ ರೊಟ್ಟಿಯೊಂದು ಅದರೊಳಗೆ ಅಡಗಿ ಕೂತರೆ ಕಾಣುವಂತಿರಲಿಲ್ಲ. ನಾನು ಐದಡಿಯ ಮನುಷ್ಯ. ನನ್ನ ಗೇಣು ಅವನ ಮುಂದೆ ಕೂಸಿನದು. ಪ್ರತಿ ಬದಿಯೂ ಕಾಲು ಭಾಗ ಹೆಚ್ಚಾದರೆ ಒಟ್ಟು ಗಾತ್ರ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಇದನ್ನು ಪ್ರತಿ ವರ್ಷ ನಾನೇ ಮಕ್ಕಳಿಗೆ ಕಲಿಸುತ್ತೇನೆ, ತಿಳಿಯದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ!

ಹೊಸದು ಮಾಡಿಸಲು ಸಮಯವಿರಲಿಲ್ಲ. ಭಾನುವಾರ ಬರುತ್ತೇವೆಂದು ಮಾವ ಹೇಳಿಕಳಿಸಿದ್ದರು. ಟ್ಯಾಂಕು ಬಾಯೊಳಗೆ ಹೋಗದಿದ್ದರೆ ಬಾಯಿ ದೊಡ್ಡದಾಗಬೇಕು. ಗರಗಸ ತಂದು ಮೇಲಿನ ಸಾಗವಾನಿ ಹಲಗೆಗಳನ್ನು ಕತ್ತರಿಸಿದೆ. ನಾಲ್ಕು ಜನ ಸೇರಿ ಟ್ಯಾಂಕನ್ನು ಒಳಗೆ ದಬ್ಬಿದರು. ಹೋಯಿತು! ಆದರೆ ನಾಲ್ಕು ಬೆರಳು ಮೇಲೆ ಉಳಿಯಿತು. ಅದರ ಮೇಲೆ ಹಲಗೆ ಬಡಿದಾಗ ದೋಣಿಗೆ ನಡುವೆ ಡುಬ್ಬ ಬಂತು. ಕಮಲಾ ಅದರ ಮೇಲೆ ಕೌದಿ ಹಾಸಿ, "ಅಪ್ಪಾಗ ಗಾದಿ ಆತು ಬಿಡ್ರಿ" ಎಂದಳು. ಎಂಥ ಹೆಂಡತಿ! ನನ್ನ ಕಣ್ಣು ತುಂಬಿ ಬಂತು.

ಇಷ್ಟು ದೊಡ್ಡ ಟ್ಯಾಂಕು ಅಲುಗಾಡಬಾರದಲ್ಲ? ಹಲಗೆ ಬಡಿಯುವ ಮೊದಲೇ ಕಬ್ಬಿಣದ ಪಟ್ಟಿ ಹಾಕಿ ದೋಣಿಯ ತಳಕ್ಕೇ ಸ್ಕ್ರೂ ಬಿಗಿದಿದ್ದೆ. ಅಂಗಡಿಯಲ್ಲಿ ಗಿಡ್ಡ ಸ್ಕ್ರೂ ಇದ್ದವು, ಉದ್ದನೆಯವೂ ಇದ್ದವು. ಗಟ್ಟಿ ಇರಲೆಂದು ಉದ್ದನೆಯವನ್ನೇ ತಂದೆ. ತಳದ ಹಲಗೆ ಎಷ್ಟು ದಪ್ಪ ಎಂದು ಅಳೆಯಲಿಲ್ಲ. ಅಳತೆಯ ಮೇಲೆ ಆಗಲೇ ನನಗೆ ಬೇಸರ ಬಂದಿತ್ತು.

ಭಾನುವಾರ ಮುಂಜಾನೆ ಮಾವ ಹೊಸ ರುಮಾಲು ಸುತ್ತಿ ಕೆರೆಗೆ ಬಂದರು. ಗಂಗಾಪೂಜೆಗೆಂದು ಅದೇ ಬೆಳ್ಳಿ ತಂಬಿಗೆಯನ್ನು ತಂದಿದ್ದರು. ಕೆರೆಯ ಕಲ್ಲು ಮೆಟ್ಟಿಲ ಮೇಲೆ ದೋಣಿಯನ್ನು ಜಾರಿಸುವಾಗ ತಳದಲ್ಲಿ ಕರ್‌ರ್ ಎಂದಿತು.

"ಏನದು?" ಎಂದ ವೀರಣ್ಣ.

"ಹಳೀ ದೋಣಿ. ನರಳತದ" ಎಂದೆ.

"ನಾ ದಂಡೀ ಮ್ಯಾಲ ಇರ್ತೀನಿ" ಎಂದು ಅವನು ಕಲ್ಲಿನ ಮೇಲೆ ಕುಳಿತ. ಅಂಜುಬುರುಕ!

ನಾನು ಹ್ಯಾಂಡಲ್ ತಿರುಗಿಸಿದೆ. ಇಂಜಿನ್ ಡುಗುಡುಗು ಎಂದಿತು. ಮಾವ ಕೌದಿಯ ಗಾದಿಯ ಮೇಲೆ ನಿಜಾಮರಂತೆ ಕುಳಿತಿದ್ದರು. ದಂಡೆಯ ಮೇಲೆ ಕಮಲಾ ಸೆರಗು ಬೀಸುತ್ತಿದ್ದಳು. ಕೆರೆಯ ನಡುವೆ ಬಂದಾಗ ಮಾವ ನನ್ನ ಬೆನ್ನು ತಟ್ಟಿದರು.

"ಶಾಭಾಸ್ ಮಾಸ್ತರ್! ಒಂದು ಹನಿ ಸೋರವಲ್ದು. ಖರೆ ಹೇಳ್ತೀನಿ, ಬರೂ ಪಂಚಮಿಗಿ ಬೆಳ್ಳಿ ತಂಬಿಗಿ ನಿನ್ನ ಮುಂದ..."

ಅಷ್ಟರಲ್ಲಿ ಅವರ ಎಡಗಾಲಿನ ಚಪ್ಪಲಿ ತೇಲುತ್ತ ನಮ್ಮಿಬ್ಬರ ನಡುವೆ ಹಾದುಹೋಯಿತು.

ತಳದಿಂದ ಹೊರಗೆ ಚಾಚಿದ್ದ ಉದ್ದನೆಯ ಸ್ಕ್ರೂಗಳು ಮೆಟ್ಟಿಲಿಗೆ ತಾಗಿ ಕಿತ್ತುಹೋಗಿದ್ದವು. ಆ ತೂತುಗಳಿಂದ ನೀರು ಬುಗ್ಗೆಯಾಗಿ ಏಳುತ್ತಿತ್ತು. ಟ್ಯಾಂಕಿನಿಂದ ಒಂದು ಹನಿಯೂ ಹೊರಗೆ ಹೋಗಲಿಲ್ಲ. ಕೆರೆಯೇ ಒಳಗೆ ಬಂತು!

"ಮಾವಾ, ಈಜು ಬರ್ತದೇನ್ರಿ?"

"ಬೆಲ್ಲದ ವ್ಯಾಪಾರಿ ನಾ! ನೀರಿಗಿ ಬಿದ್ರ ಕರಗಿ ಹೋಗ್ತೀನಿ! ತಗೋ, ನೀರ ಹೊರಗ ಉಗ್ಗು! ಜಲ್ದಿ ಉಗ್ಗು!" ಎಂದು ಕೂಗಿ ಮಾವ ಕೈಯಲ್ಲಿದ್ದದ್ದನ್ನು ನನ್ನ ಎದೆಗೆ ಒತ್ತಿದರು.

ಅದು ಬೆಳ್ಳಿ ತಂಬಿಗೆ! ಒಂಬತ್ತು ವರ್ಷ ಕಾದದ್ದು ಕೊನೆಗೂ ನನ್ನ ಕೈಗೆ ಬಂದಿತ್ತು. ದೋಣಿಯನ್ನು ದಂಡೆಯ ಕಡೆ ತಿರುಗಿಸಿ ಅದರಿಂದ ನೀರು ಉಗ್ಗಿದೆ. ಹಳೆಯ ಟ್ಯಾಂಕಿನಿಂದ ವರ್ಷಗಟ್ಟಲೆ ತಳಕ್ಕೆ ಸೋರಿದ್ದ ಡೀಸೆಲ್ಲೂ ನೀರಿನೊಂದಿಗೆ ಎದ್ದು ಬಂದಿತ್ತು; ಅದನ್ನೂ ಉಗ್ಗಿದೆ. ದಂಡೆಗೆ ಎಂಟು ಮಾರು ದೂರದಲ್ಲಿ ದೋಣಿ ಕೂತುಬಿಟ್ಟಿತು. ಸದ್ಯ, ಅಲ್ಲಿ ನೀರು ಸೊಂಟದ ಮಟ್ಟ. ಮಾವನನ್ನು ಹೆಗಲ ಮೇಲೆ ಹೊತ್ತು ತಂದೆ. ವೀರಣ್ಣ ಟೇಪು ಹಿಡಿದು ಏನನ್ನೋ ಅಳೆಯುತ್ತಿದ್ದ.

ಪಂಚಮಿಗೆ ಹುಮನಾಬಾದಿಗೆ ಹೋಗಲು ಮುಖವಿರಲಿಲ್ಲ. ಕಮಲಾ ಎಳೆದುಕೊಂಡು ಹೋದಳು. ಊಟಕ್ಕೆ ಕುಳಿತೆ. ನೋಡುತ್ತೇನೆ, ನನ್ನ ಎಲೆಯ ಮುಂದೆ ಬೆಳ್ಳಿ ತಂಬಿಗೆ! ವೀರಣ್ಣನ ಮುಂದೆ ಹಿತ್ತಾಳೆಯದು! ಹೆಗಲ ಮೇಲೆ ಹೊತ್ತದ್ದನ್ನು ಮಾವ ಮರೆತಿಲ್ಲ! ಬಡಿಸಲು ಬಂದ ಕಮಲಾ ತಲೆ ತಗ್ಗಿಸಲಿಲ್ಲ. ತಂಬಿಗೆ ಎತ್ತಿ ಗಟಗಟನೆ ಕುಡಿದೆ.

ಡೀಸೆಲ್!

"ಹುಣಸಿಹಣ್ಣು ಹಚ್ಚಿದ್ವಿ, ಬೂದಿ ಹಚ್ಚಿದ್ವಿ, ವಾಸನಿ ಹೋಗವಲ್ದು" ಎಂದು ಅತ್ತೆ ಬಾಗಿಲಿನಿಂದ ಹೇಳಿದರು. "ವೀರಣ್ಣ ಮುಟ್ಟಂಗಿಲ್ಲ ಅಂದ್ರು. ಇನ್ನ ಇದು ಖಾಯಂ ನಿಮಗಽ ಇರ್ಲಿ."

ನಾನು ಕಮಲಾಳ ಮುಖ ನೋಡಿದೆ. ಒಂದು ಹನಿಯನ್ನೂ ಬಿಡದೆ ಕುಡಿದು ಮುಗಿಸಿ, ದೊಡ್ಡದಾಗಿ ತೇಗಿದೆ.

ಅವಳು ಬಗ್ಗಿ ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದಳು: "ಒಲೀ ಹತ್ರ ಮಾತ್ರ ಬರಬ್ಯಾಡ್ರಿ."