ನೀರು ಬಂತು ಎಂದರೆ ಯಾವ ನೀರು?

ಅಧಿಕಾರ ಎಂಬುದು ನನಗೆ ಸಿಕ್ಕಿದ್ದು ಒಂದೇ ಸಲ, ಅದೂ ಮೊಬೈಲಿನಲ್ಲಿ. ಮನೆಯಲ್ಲಿ ಟಿವಿಯ ರಿಮೋಟೂ ಕೈಗೆ ಬಾರದ ನನ್ನನ್ನು ಸತ್ತೇಗಾಲದ ಪ್ರವಾಹ ಎಚ್ಚರಿಕೆಯ ವಾಟ್ಸ್ಯಾಪ್ ಗುಂಪಿಗೆ ಅಡ್ಮಿನ್ ಮಾಡಿದರು. ಸಾಲದೆಂದು ಊರಿನ ಡಿಜಿಟಲ್ ನಕ್ಷೆಯನ್ನೂ ನನಗೇ ಒಪ್ಪಿಸಿದರು. ಅಣೆಕಟ್ಟೆಯಿಂದ ನೀರು ಬಿಟ್ಟರೆ ಮುಳುಗುವ ಮನೆಗಳಿಗೆ ಕೆಂಪು ಚುಕ್ಕಿ, ದಿಬ್ಬದ ಮೇಲಿನ ಸ್ಕೂಲಿಗೆ ಹಸಿರು ಚುಕ್ಕಿ. ಕೆಳಗಿನ ಬೀದಿಯ ತುದಿಯ ಗೌರಕ್ಕನ ಮನೆಗೆ ಮಾತ್ರ ಎರಡೆರಡು ಸಲ ಕೆಂಪು ಒತ್ತಿದೆ. ಗೌರಕ್ಕ ನನ್ನ ಒಡಹುಟ್ಟಿದ ಅಕ್ಕ. ಗಬ್ಬದ ಹಸುವೊಂದನ್ನು ಕಟ್ಟಿಕೊಂಡು ಹೊಳೆಯ ಮಗ್ಗುಲಲ್ಲೇ ಇದ್ದಾಳೆ. ಮಳೆಗಾಲ ಬಂತೆಂದರೆ ನನಗೆ ಅವಳದೇ ಭಯ.

ನಾವು ಚಿಕ್ಕವರಿದ್ದಾಗ ಗುಂಪೂ ಇರಲಿಲ್ಲ, ನಕ್ಷೆಯೂ ಇರಲಿಲ್ಲ. ಅವ್ವ ಹೊಳೆಯ ಬಣ್ಣ ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೀದಿಯ ನಡುವೆ ನಿಂತು "ಒಳೆ ಬಂತು ಕಣ್ರಪ್ಪೋ!" ಎಂದು ಕೂಗಿದರೆ ಮುಗಿಯಿತು. ಹೊಳೆಗೆ ಹಕಾರ ಹಚ್ಚುವಷ್ಟು ಪುರಸೊತ್ತು ನಮ್ಮ ಕಡೆ ಯಾರಿಗೂ ಇಲ್ಲ. ಸಾರಿನ ಮಡಕೆಯ ಸಮೇತ ಇಡೀ ಬೀದಿ ದಿಬ್ಬ ಹತ್ತುತ್ತಿತ್ತು. ಸ್ಕೂಲಿನ ಜಗಲಿಯಲ್ಲಿ ಎಲ್ಲರ ಮನೆಯ ಮುದ್ದೆ, ಎಲ್ಲರ ಮನೆಯ ಸಾರು. ಹೊಳೆ ಬೇಗ ಇಳಿಯದಿರಲಿ ಎಂದು ನಾನು ಒಳಗೊಳಗೇ ಬೇಡಿಕೊಂಡದ್ದೂ ಉಂಟು. ಅವ್ವ ಹೋಗಿ ಬಹಳ ಕಾಲವಾಯಿತು. ಆ ಕೂಗನ್ನು ಇನ್ನೊಮ್ಮೆ ಕೇಳಬೇಕು ಎಂದು ಈಗಲೂ ಆಸೆಯಾಗುತ್ತದೆ.

ಈಚೆಗೆ ಒಂದು ಬೆಳಗ್ಗೆ ಅಣೆಕಟ್ಟೆಯ ಸುದ್ದಿ ಬಂತು. ಅಡ್ಮಿನ್ನನ ಗತ್ತಿನಲ್ಲಿ "ನೀರು ಬಿಟ್ಟಿದ್ದಾರೆ, ಎಲ್ಲರೂ ಕೂಡಲೇ ಹೊರಗೆ ಬನ್ನಿ" ಎಂದು ಟೈಪು ಮಾಡಿ, ಜೊತೆಗೆ ನಕ್ಷೆಯನ್ನೂ ಕಳಿಸಿದೆ. ಪಟಪಟನೆ ಹೆಬ್ಬೆಟ್ಟುಗಳು ಬಿದ್ದವು. ಸ್ಕೂಲಿನ ಮುಂದೆ ಹೋಗಿ ಕಾದೆ. ಒಂದು ನರಪಿಳ್ಳೆಯೂ ಬರಲಿಲ್ಲ. ಕೆಳಗಿನ ಬೀದಿಗೆ ಓಡಿದೆ. ಎಲ್ಲರೂ ಹೊರಗೇ ಇದ್ದರು. ಬೀದಿ ನಲ್ಲಿಯ ಮುಂದೆ, ಕೊಡ ಹಿಡಿದು, ಸಾಲಾಗಿ. ಎಲ್ಲರಿಗಿಂತ ಮುಂದೆ ಗೌರಕ್ಕ.

"ಏನ್ಲಾ, ನೀರ್ ಬುಟ್ಟವ್ರೆ ಅಂತ ಆಕಿದ್ದೀಯೆ, ನಲ್ಲೀಲಿ ಬರೀ ಗಾಳಿ ಬತ್ತಾ ಅದೆ!" ಎಂದಳು.

"ನಲ್ಲಿ ನೀರಲ್ಲ ಕಣಕ್ಕ, ಒಳೆ ನೀರು!"

"ಅಂಗಂತ ಬಾಯ್ಬುಟ್ಟು ಏಳ್ಬಾರ್ದಾ? ನಮ್ಮನೆ ಮ್ಯಾಲೆ ಕೆಂಪು ಚುಕ್ಕಿ ನೋಡಿ, ತಮ್ಮ ಒಸಾ ನಲ್ಲಿ ಆಕುಸ್ತಾವ್ನೆ ಅನ್ಕಂಡೆ."

ಇನ್ನು ವಿವರಿಸಲು ಹೊತ್ತಿರಲಿಲ್ಲ. ಮೊಬೈಲನ್ನು ಬಾಯಿಗೆ ಹಿಡಿದು "ಒಳೆ ಬಂತು ಕಣ್ರಪ್ಪೋ!" ಎಂದು ಕೂಗಿ ಗುಂಪಿಗೆ ಕಳಿಸಿದೆ. ಬೀದಿಯ ಫೋನುಗಳಲ್ಲೆಲ್ಲ ಅದೇ ಕೂಗು ಎದ್ದಿತು. ಕೊಡಗಳು ಉರುಳಿದವು, ದನಗಳ ಹಗ್ಗ ಬಿಚ್ಚಿಕೊಂಡವು, ಬೀದಿ ದಿಬ್ಬ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಗೌರಕ್ಕನ ಕೊಟ್ಟಿಗೆಯಲ್ಲಿ ಸೊಂಟಮಟ್ಟ ನೀರಿತ್ತು. ಅವಳು ಸ್ಕೂಲಿನ ಜಗಲಿಯಲ್ಲಿ ಹಸುವಿನ ಬೆನ್ನು ಸವರುತ್ತ, ನನ್ನ ಕೂಗನ್ನು ಮತ್ತೆ ಮತ್ತೆ ಒತ್ತಿ ಕೇಳುತ್ತಿದ್ದಳು. "ಅವ್ವನ್ ಥರಾನೇ ಕಣ್ಲಾ" ಎಂದಳು. ಇಬ್ಬರ ಕಣ್ಣೂ ತುಂಬಿದವು.

ಅಷ್ಟರಲ್ಲಿ ದಿಬ್ಬದ ಮೇಲಿನ ನಮ್ಮ ಮನೆಯಿಂದ ಹೆಂಡತಿಯ ಫೋನು. "ಅಲ್ಲ ಕಣ್ರಿ, ನಮ್ ಬೀದಿಗೆ ನಲ್ಲಿ ನೀರು ಬಂದು ನಿಂತೂ ಓಯ್ತು. ನೀವು ಮೊದ್ಲು ಆಕಿದ್ರಲ್ಲ ನೀರ್ ಬುಟ್ಟವ್ರೆ ಅಂತ, ಅದು ಒಳೆ ನೀರು ಅಂತ ನಾನೊಬ್ಳೇ ಸರಿಯಾಗಿ ತಿಳ್ಕಂಡೆ. ಒಂದು ಕೊಡಾನೂ ಇಡೀಲಿಲ್ಲ."

ಕಾವೇರಿ ತುಂಬಿ ಹರಿಯುತ್ತಿದ್ದ ಆ ಸಂಜೆ, ಊರಿಗೆಲ್ಲ ನೀರಿನ ಸುದ್ದಿ ಕೊಡುವ ಅಡ್ಮಿನ್ನಾದ ನಾನು ಖಾಲಿ ಕೊಡ ಹಿಡಿದು ನೆರೆಮನೆಯ ಬಾಗಿಲು ತಟ್ಟಿದೆ.